ಸಾಕೆ ಆರಿಸುವಾಗ ನೋಡಬೇಕಾದ ಅಂಕಿ

ಜಪಾನಿನ ಅಕ್ಕಿಮದ್ಯವಾದ ಸಾಕೆಯನ್ನು ಆರಿಸುವಾಗ ನಾನು ಮೊದಲು ನೋಡುವುದು ಬೆಲೆಯನ್ನಲ್ಲ, ಪಾಲಿಶ್ ಆದ ಮೇಲೆ ಅಕ್ಕಿಕಾಳು ಎಷ್ಟು ಉಳಿದಿದೆಯೆಂದು ಲೇಬಲ್ಲಿನಲ್ಲಿ ನಮೂದಿಸಿರುವ ಶೇಕಡಾವಾರನ್ನು. ಹೊರಪದರದ ಕೊಬ್ಬು ಮತ್ತು ಪ್ರೋಟೀನುಗಳನ್ನು ತೆಗೆದು ಕಾಳಿನ ಶೇ. 60 ಅಥವಾ ಅದಕ್ಕಿಂತ ಕಡಿಮೆ ಭಾಗವನ್ನು ಉಳಿಸಿಕೊಂಡರೆ ಗಿಂಜೊ, ಶೇ. 50ಕ್ಕೆ ಇಳಿಸಿದರೆ ದೈಗಿಂಜೊ. ಹಣ್ಣುಗಳನ್ನು ನೆನಪಿಸುವ ಅವುಗಳ ಪರಿಮಳಕ್ಕೆ ತಣ್ಣಗಿನ, ನಿಧಾನವಾದ ಹುದುಗುವಿಕೆಯೂ ಕಾರಣ. ಹೊರಗಿನಿಂದ ಮದ್ಯಸಾರ ಬೆರೆಸದೆ ಅಕ್ಕಿ, ನೀರು, ಯೀಸ್ಟ್ ಮತ್ತು ಪಿಷ್ಟವನ್ನು ಸಕ್ಕರೆಯಾಗಿಸುವ ಕೋಜಿ ಶಿಲೀಂಧ್ರದಿಂದಲೇ ತಯಾರಾದದ್ದು ಜುನ್ಮೈ. ಹೆಚ್ಚು ಪಾಲಿಶ್ ಎಂದರೆ ಹೆಚ್ಚು ರುಚಿ ಎಂಬ ನಂಬಿಕೆ ನನಗಿಲ್ಲ: ಊಟದೊಂದಿಗೆ, ಅದರಲ್ಲೂ ಬೆಚ್ಚಗೆ ಮಾಡಿ ಕುಡಿಯಲು, ಅಕ್ಕಿಯ ಸ್ವಾದ ಗಾಢವಾಗಿರುವ ಸಾಧಾರಣ ಜುನ್ಮೈ ದುಬಾರಿ ದೈಗಿಂಜೊಗಿಂತ ಮೇಲು. ಪಾಶ್ಚರೀಕರಿಸದ ನಾಮಾಜಾಕೆಯನ್ನು ಮಾತ್ರ ಫ್ರಿಜ್ಜಿನಲ್ಲಿಟ್ಟು ಮಾರುವ ಅಂಗಡಿಯಲ್ಲೇ ಕೊಳ್ಳಬೇಕು.