ಮೂವತ್ತಾರನೇ ಸುತ್ತು

17 ಫೆಬ್ರವರಿ 2024, ಶನಿವಾರ

1801ರ ಇದೇ ದಿನ ಥಾಮಸ್ ಜೆಫರ್ಸನ್ ಅಮೆರಿಕದ ಅಧ್ಯಕ್ಷರಾಗಿ ಆಯ್ಕೆಯಾದರು. ಅದೂ 36ನೇ ಸುತ್ತಿನ ಮತದಾನದಲ್ಲಿ! ಈ ವಾರ ಪೂರ್ತಿ ಆ ಚುನಾವಣೆಯ ಬಗ್ಗೆಯೇ ಓದುತ್ತಿದ್ದೇನೆ.

ಗೊಂದಲ ಹುಟ್ಟಿದ್ದೇ ನಿಯಮದಿಂದ. ಆಗ ಪ್ರತಿ ಎಲೆಕ್ಟರ್ (ಅಂದರೆ ಅಧ್ಯಕ್ಷರನ್ನು ಆರಿಸಲು ರಾಜ್ಯಗಳು ನೇಮಿಸುವ ಮತದಾರ)‌ಗೆ ಎರಡು ಮತ. ಇದು ಅಧ್ಯಕ್ಷರಿಗೆ, ಇದು ಉಪಾಧ್ಯಕ್ಷರಿಗೆ ಅಂತ ಬೇರೆ ಮಾಡುವ ಹಾಗಿರಲಿಲ್ಲ. ಆಗಿನ ಅಧ್ಯಕ್ಷ ಜಾನ್ ಆಡಮ್ಸ್ ಅವರ ಪಕ್ಷದವರಾದ ಫೆಡರಲಿಸ್ಟರು ತಮ್ಮ ಇಬ್ಬರು ಅಭ್ಯರ್ಥಿಗಳಿಗೆ ಮತ ಸಮವಾಗದಂತೆ ಎಚ್ಚರ ವಹಿಸಿದ್ದರು. ಅವರ ಕಡೆಯ ಒಬ್ಬ ಎಲೆಕ್ಟರ್ ಒಂದು ಮತವನ್ನು ಜಾನ್ ಜೇ ಅವರಿಗೆ ಹಾಕಿದ. ಹಾಗಾಗಿ ಆಡಮ್ಸ್‌ಗೆ 65, ಅವರ ಉಪಾಧ್ಯಕ್ಷ ಅಭ್ಯರ್ಥಿ ಪಿಂಕ್ನಿಗೆ 64. ಜೆಫರ್ಸನ್ ಕಡೆಯವರಲ್ಲಿ ಯಾರೂ ಹಾಗೆ ಮಾಡಲಿಲ್ಲ. ಜೆಫರ್ಸನ್‌ಗೂ 73, ಅವರ ಜೊತೆಗೇ ಉಪಾಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ಆರನ್ ಬರ್‌ಗೂ 73. 'ನನಗೆ ಬೇಡ' ಅಂತ ಬರ್ ಗಟ್ಟಿಯಾಗಿ ಹೇಳಿ ಹಿಂದೆ ಸರಿಯಬಹುದಿತ್ತು, ಅಲ್ವಾ? ಸರಿಯಲಿಲ್ಲ. ಅದಕ್ಕೇ ನನಗೆ ಅವರ ಮೇಲೆ ಸಿಟ್ಟು.

ಮತ ಸಮವಾದ್ದರಿಂದ ವಿಷಯ ಅಮೆರಿಕ ಸಂಸತ್ತಿನ ಕೆಳಮನೆಯಾದ ಪ್ರತಿನಿಧಿ ಸಭೆಗೆ ಹೋಯಿತು. ಅಲ್ಲಿ ರಾಜ್ಯಕ್ಕೊಂದು ಮತ, 16ರಲ್ಲಿ 9 ಬೇಕು. ಫೆಬ್ರವರಿ 11ರಿಂದ ಸುತ್ತಿನ ಮೇಲೆ ಸುತ್ತು ನಡೆದರೂ ಲೆಕ್ಕ ಕದಲಲಿಲ್ಲ: ಜೆಫರ್ಸನ್‌ಗೆ 8, ಬರ್‌ಗೆ 6. ಮೇರಿಲ್ಯಾಂಡ್ ಮತ್ತು ವರ್ಮಾಂಟ್ ಒಳಗೊಳಗೇ ಸಮ ಸಮವಾಗಿ ಒಡೆದಿದ್ದವು.

ಮೇರಿಲ್ಯಾಂಡಿನಲ್ಲಿ ಜೆಫರ್ಸನ್ ಪರ ಇದ್ದ ಪ್ರತಿನಿಧಿ ಜೋಸೆಫ್ ನಿಕೋಲ್ಸನ್‌ಗೆ ವಿಪರೀತ ಜ್ವರ. ಸುರಿಯುವ ಹಿಮದಲ್ಲೇ ಅವರನ್ನು ಹೊತ್ತು ತಂದು ಪಕ್ಕದ ಕೋಣೆಯಲ್ಲಿ ಮಲಗಿಸಿದರು. ಹೆಂಡತಿ ಪಕ್ಕದಲ್ಲೇ ಕೂತು ಔಷಧಿ ಕೊಡುತ್ತಿದ್ದರು, ಚೀಟಿ ಬರೆಯಲು ಕೈ ಹಿಡಿದು ನೆರವಾಗುತ್ತಿದ್ದರು. ಮತಪೆಟ್ಟಿಗೆಯೇ ಅವರ ಹಾಸಿಗೆ ಹತ್ತಿರ ಬರುತ್ತಿತ್ತು. ಅವರೊಬ್ಬರು ಮನೆಯಲ್ಲೇ ಉಳಿದಿದ್ದರೆ ಮೇರಿಲ್ಯಾಂಡ್ ಬರ್ ಪಾಲಾಗುತ್ತಿತ್ತು.

ಕೊನೆಗೆ ಪಟ್ಟು ಸಡಿಲಿಸಿದ್ದು ಡೆಲಾವೇರಿನ ಏಕೈಕ ಪ್ರತಿನಿಧಿ, ಫೆಡರಲಿಸ್ಟ್ ಜೇಮ್ಸ್ ಬೇಯಾರ್ಡ್. ಅವರು ಖಾಲಿ ಚೀಟಿ ಹಾಕಿದರು. ಮೇರಿಲ್ಯಾಂಡಿನ ಫೆಡರಲಿಸ್ಟರೂ ಹಾಗೇ ಮಾಡಿದರು. ವರ್ಮಾಂಟಿನಲ್ಲಿ ಲೂಯಿಸ್ ಮಾರಿಸ್ ಹೊರಗುಳಿದರು. ಅಲ್ಲಿಗೆ ಆ ರಾಜ್ಯದ ಮತ ಒಬ್ಬರ ಕೈಗೇ ಬಂತು. ಅವರು ಜೆಫರ್ಸನ್ ಕಡೆಯ ಮ್ಯಾಥ್ಯೂ ಲಯನ್.

ಈ ಲಯನ್ ಕಥೆ ನನಗೆ ತುಂಬಾ ಇಷ್ಟ. ಅಧ್ಯಕ್ಷ ಆಡಮ್ಸ್ ಅವರನ್ನು ಟೀಕಿಸಿ ಬರೆದದ್ದಕ್ಕೆ 1798ರ ದೇಶದ್ರೋಹ ಕಾಯ್ದೆಯಡಿ ಅವರಿಗೆ ನಾಲ್ಕು ತಿಂಗಳು ಜೈಲು, 1,000 ಡಾಲರ್ ದಂಡ. ಜೈಲಿನಲ್ಲಿದ್ದಾಗಲೇ ಜನ ಅವರನ್ನು ಮತ್ತೆ ಗೆಲ್ಲಿಸಿದರು. ಆ ಕಾಯ್ದೆ ಅಧ್ಯಕ್ಷರಿಗೂ ಕಾಂಗ್ರೆಸ್ಸಿಗೂ (ಅಮೆರಿಕದ ಸಂಸತ್ತಿಗೆ) ಟೀಕೆಯಿಂದ ರಕ್ಷಣೆ ಕೊಟ್ಟಿತ್ತು. ಆಗ ಉಪಾಧ್ಯಕ್ಷರಾಗಿದ್ದ ಜೆಫರ್ಸನ್ ಅವರನ್ನು ಎಷ್ಟು ಬೈದರೂ ಅಪರಾಧವಲ್ಲ! ಯಾರನ್ನು ಗುರಿಯಾಗಿಸಿಕೊಂಡ ಕಾಯ್ದೆ ಅಂತ ಬೇರೆ ಹೇಳಬೇಕಾಗಿಲ್ಲ.

ಅಂತೂ ಜೆಫರ್ಸನ್‌ಗೆ 10 ರಾಜ್ಯ ಸಿಕ್ಕವು. ಅವರು ಅಧಿಕಾರ ವಹಿಸಿಕೊಂಡ ಮಾರ್ಚ್ 4ರ ನಸುಕಿನಲ್ಲೇ ಆಡಮ್ಸ್ ರಾಜಧಾನಿ ವಾಷಿಂಗ್ಟನ್ ಬಿಟ್ಟರು. ಗುಂಡು ಹಾರದೆ ಅಧಿಕಾರ ಕೈ ಬದಲಾಯಿಸಿತು. ಇದು ನಿಜಕ್ಕೂ ದೊಡ್ಡದು.

ಆದರೆ ಆ 73ರ ಒಳಗೇನಿದೆ ಅಂತಲೂ ನೋಡಬೇಕು. ಜನಸಂಖ್ಯೆಯ ಲೆಕ್ಕದಲ್ಲಿ ಐದು ಗುಲಾಮರನ್ನು ಮೂವರೆಂದು ಎಣಿಸಿ ದಕ್ಷಿಣದ ರಾಜ್ಯಗಳಿಗೆ ಜಾಸ್ತಿ ಎಲೆಕ್ಟರ್‌ಗಳನ್ನು ಕೊಟ್ಟಿದ್ದರು. ಆ ಎಣಿಕೆ ಇಲ್ಲದಿದ್ದರೆ ಆಡಮ್ಸ್ ಗೆಲ್ಲುತ್ತಿದ್ದರು ಅಂತ ಅನೇಕ ಇತಿಹಾಸಕಾರರು ಹೇಳುತ್ತಾರೆ. ನಿಕೋಲ್ಸನ್, ಲಯನ್ ಅವರನ್ನು ಮೆಚ್ಚಿ ಇಷ್ಟೆಲ್ಲ ಬರೆದ ಮೇಲೆ, ಇದನ್ನು ಬರೆಯದೆ ಬಿಡಲು ನನ್ನಿಂದ ಆಗಲಿಲ್ಲ.