ಹೊರಗೆ ಸೋರ್ತಿರಲಿಲ್ಲ, ಒಳಗೆ ಎಳೀತಿತ್ತು

ನಮ್ಮ ಜೀಪು 1993ರ ಮಹೀಂದ್ರಾ ಎಂಎಂ 540. ಅಪ್ಪ ಅದನ್ನು ಸೆಕೆಂಡ್ ಹ್ಯಾಂಡ್ ತಂದಾಗ ನಾನು ಹೈಸ್ಕೂಲಿನಲ್ಲಿದ್ದೆ. ಊರು ಪಾಂಡವಪುರದ ಹತ್ತಿರ, ಗದ್ದೆಯಿಂದ ನಾಲ್ಕು ಹೆಜ್ಜೆ ಇಟ್ಟರೆ ವಿ.ಸಿ. ನಾಲೆ, ಅಂದರೆ ವಿಶ್ವೇಶ್ವರಯ್ಯ ನಾಲೆ. ಕಬ್ಬಿನ ಗದ್ದೆಗೆ ಗೊಬ್ಬರ ಹಾಕೋದರಿಂದ ಹಿಡಿದು ಅಕ್ಕನ ಮದುವೆಗೆ ಸಾಮಾನು ತರೋವರೆಗೆ ಈ ಗಾಡಿ ಮಾಡದ ಕೆಲಸವೇ ಇಲ್ಲ. ಈಗ ಅದನ್ನು ನೋಡಿಕೊಳ್ಳೋನು ನಾನು.

ಎಂಜಿನ್ ಪ್ಯೂಜೋ ಎಕ್ಸ್‌ಡಿಪಿ 4.90. ನಾಲ್ಕು ಸಿಲಿಂಡರ್, ಒಂದೊಂದರ ಅಗಲ 90 ಮಿಲಿಮೀಟರ್, ಹೆಸರು ಬಂದಿರೋದೇ ಹಾಗೆ. ಒಟ್ಟು 2112 ಸಿಸಿ. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಡೀಸೆಲ್ ಸರಿಯಾಗಿ ಬರಬೇಕು, ಗಾಳಿ ಬರಬೇಕು, ಕಂಪ್ರೆಷನ್ ಇರಬೇಕು, ಅಷ್ಟಿದ್ದರೆ ಓಡುತ್ತೆ. ಮನೆಯಲ್ಲೇ ಪಾನ ಹಿಡಿದು ಕೂತರೆ ಅರ್ಥ ಆಗೋ ಎಂಜಿನ್ ಇದು.

ಹೋದ ಡಿಸೆಂಬರ್‌ನಲ್ಲಿ ತೊಂದರೆ ಶುರುವಾಯಿತು. ಬೆಳಿಗ್ಗೆ ಸೆಲ್ಫ್ ಹೊಡೆದರೆ ತಕ್ಷಣ ಸ್ಟಾರ್ಟ್, ಹತ್ತು ಸೆಕೆಂಡ್ ಓಡಿ ಆಫ್. ಆಮೇಲೆ ಎಷ್ಟು ತಿರುಗಿಸಿದರೂ ಇಲ್ಲ, ಬ್ಯಾಟರಿ ಇಳಿಯೋ ಹೊತ್ತಿಗೆ ಕೆಮ್ಮುತ್ತಾ ಕೆಮ್ಮುತ್ತಾ ಬಿಳಿ ಹೊಗೆ ಬಿಟ್ಟು ಹಿಡಿದುಕೊಳ್ಳುತ್ತಿತ್ತು. ಒಮ್ಮೆ ಹಿಡಿದುಕೊಂಡರೆ ಸಂಜೆವರೆಗೂ ತಕರಾರಿಲ್ಲ. ಚಳಿ ಅಲ್ವಾ, ಸ್ಟಾರ್ಟ್ ಆಗೋಕೆ ಸಿಲಿಂಡರ್ ಒಳಗೆ ಬಿಸಿ ಮಾಡೋ ಹೀಟರ್ ಪ್ಲಗ್ ಹೋಗಿರಬೇಕು ಅಂದುಕೊಂಡೆ. ನಾಲ್ಕನ್ನೂ ಬಿಚ್ಚಿ ಬ್ಯಾಟರಿಗೆ ಕೊಟ್ಟು ನೋಡಿದೆ, ನಾಲ್ಕರ ತುದಿಯೂ ಕೆಂಪಾಯಿತು. ಅಲ್ಲಿಗೆ ಪ್ಲಗ್ ಅಲ್ಲ ಅಂತಾಯಿತು. ಡೀಸೆಲ್ ಫಿಲ್ಟರ್ ಬದಲಾಯಿಸಿದೆ, ಎರಡು ದಿನ ಸರಿ ಇತ್ತು, ಮೂರನೇ ದಿನ ಮತ್ತೆ ಅದೇ ಕಥೆ.

ಮೈಸೂರಿನಲ್ಲಿ ಡೀಸೆಲ್ಲನ್ನು ಒತ್ತಡದಲ್ಲಿ ಕಳಿಸೋ ಪಂಪ್, ಅದನ್ನು ಸಿಲಿಂಡರಿಗೆ ಚಿಮ್ಮಿಸೋ ನಾಝಲ್, ಇವುಗಳ ಕೆಲಸ ಮಾಡುವವರೊಬ್ಬರ ಹತ್ತಿರ ಕೇಳಿದೆ. ಬಾನೆಟ್ ಎತ್ತಿ ಕೂಡ ನೋಡಲಿಲ್ಲ. ಪಂಪ್ ಹೋಗಿದೆ, ಪಂಪು ನಾಝಲ್ ಎರಡೂ ಬಿಚ್ಚಿ ಕೊಡಿ, 22 ಸಾವಿರ ಆಗುತ್ತೆ ಅಂದರು. ನನಗೆ ಬೇಜಾರಾಯಿತು, ದುಡ್ಡಿಗಲ್ಲ. ಸಂಜೆ ಗೊಬ್ಬರದ ಮೂಟೆ ಹೇರಿಕೊಂಡು ಏರಿ ಹತ್ತೋ ಎಂಜಿನ್ನಿನ ಪಂಪ್ ಬೆಳಿಗ್ಗೆ ಹೊತ್ತು ಮಾತ್ರ ಹಾಳಾಗಿರುತ್ತಾ?

ಆ ವಾರ ಒಂದು ವಿಷಯ ಗಮನಕ್ಕೆ ಬಂತು. ರಾತ್ರಿ ಮನೆ ಮುಂದೆ ನಿಲ್ಲಿಸಿದರೆ ಬೆಳಿಗ್ಗೆ ಈ ಗೋಳು. ನಾಲೆ ಏರಿಯ ಇಳಿಜಾರಿನಲ್ಲಿ ಮೂತಿ ಕೆಳಗೆ ಮಾಡಿ ನಿಲ್ಲಿಸಿದ ಎರಡು ರಾತ್ರಿ ಮಾತ್ರ ಬೆಳಿಗ್ಗೆ ಸಲೀಸಾಗಿ ಸ್ಟಾರ್ಟ್ ಆಗಿತ್ತು. ದೊಡ್ಡಪ್ಪನ ಹತ್ತಿರ ಇದನ್ನು ಹೇಳಿದೆ. ಅವರು ನಲವತ್ತು ವರ್ಷ ಟ್ರ್ಯಾಕ್ಟರ್ ಓಡಿಸಿದವರು.

"ಡೀಸೆಲ್ ಎಲ್ಲಾದ್ರೂ ಸೋರ್ತಾ ಐತಾ?" ಅಂದರು.

"ಇಲ್ಲ ದೊಡ್ಡಪ್ಪ, ಒಂದು ಹನಿನೂ ಇಲ್ಲ. ಪೈಪೆಲ್ಲ ಒಣಗಿಕೊಂಡೇ ಇದೆ."

"ಹೊರಗಡೀಕೆ ಸೋರ್ನಿಲ್ಲ ಅಂದ್ರೆ ಒಳಗಡೀಕೆ ಎಳೀತಾ ಐತೆ ಕಣ್ಲಾ. ಟ್ಯಾಂಕ್‌ನಿಂದ ಬರೋ ಪೈಪ್ ನೋಡು ಮೊದ್ಲು."

ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಹಳೇ ಡೀಸೆಲ್ ಗಾಡಿ ಇರೋ ಎಷ್ಟೋ ಜನ ಇಲ್ಲೇ ಸುಮ್ನೆ ದುಡ್ಡು ಕಳೆಯುತ್ತಾರೆ. ಫೀಡ್ ಪಂಪ್ ಅಂತ ಇನ್ನೊಂದು ಸಣ್ಣ ಪಂಪ್ ಇದೆ, ಅದು ಟ್ಯಾಂಕಿನಿಂದ ಡೀಸೆಲ್ಲನ್ನು ಎಳೆಯುತ್ತೆ, ಆಮೇಲೆ ಮುಂದಕ್ಕೆ ಫಿಲ್ಟರಿಗೆ ತಳ್ಳುತ್ತೆ. ತಳ್ಳುವ ಕಡೆ ಪೈಪ್ ಬಿರುಕು ಬಿಟ್ಟರೆ ಡೀಸೆಲ್ ಹೊರಗೆ ಬರುತ್ತೆ, ಕಣ್ಣಿಗೆ ಕಾಣುತ್ತೆ, ವಾಸನೆ ಬರುತ್ತೆ. ಎಳೆಯುವ ಕಡೆ ಬಿರುಕು ಬಿಟ್ಟರೆ ಹಾಗಲ್ಲ, ಡೀಸೆಲ್ ಹೊರಗೆ ಬರದೆ ಗಾಳಿ ಒಳಗೆ ಹೋಗುತ್ತೆ. ನೀರು ಕುಡಿಯೋ ಸ್ಟ್ರಾ ಸೀಳಿದ್ದರೆ ಬರೀ ಗಾಳಿ ಬರುತ್ತಲ್ಲ, ಹಾಗೆ. ರಾತ್ರಿಯೆಲ್ಲ ಆ ಬಿರುಕಿನಿಂದ ಗಾಳಿ ನುಗ್ಗಿ ಪೈಪಿನಲ್ಲಿದ್ದ ಡೀಸೆಲ್ ವಾಪಸ್ ಟ್ಯಾಂಕಿಗೆ ಇಳಿದುಬಿಡುತ್ತೆ. ಬೆಳಿಗ್ಗೆ ಫಿಲ್ಟರ್, ಪಂಪಿನಲ್ಲಿ ಉಳಿದಿದ್ದಷ್ಟು ಡೀಸೆಲ್ಲಿನಲ್ಲಿ ಹತ್ತು ಸೆಕೆಂಡ್ ಓಡುತ್ತೆ, ಆಮೇಲೆ ಬರೋದು ಗಾಳಿ. ಮೂತಿ ಇಳಿಜಾರಿಗೆ ಮಾಡಿ ನಿಲ್ಲಿಸಿದಾಗ ಟ್ಯಾಂಕೇ ಮೇಲಿರುತ್ತೆ, ಡೀಸೆಲ್ ಹಿಂದಕ್ಕೆ ಇಳಿಯೋ ಹಾಗಿಲ್ಲ.

ಊಹೆ ಸರಿಯಾ ಅಂತ ನೋಡೋಕೆ ದೊಡ್ಡಪ್ಪನೇ ಒಂದು ಉಪಾಯ ಹೇಳಿಕೊಟ್ಟರು. ಐದು ಲೀಟರಿನ ಕ್ಯಾನ್ ಒಂದನ್ನು ಚೆನ್ನಾಗಿ ತೊಳೆದು ಒಣಗಿಸಿ, ಡೀಸೆಲ್ ತುಂಬಿ, ಎಂಜಿನ್ನಿಗಿಂತ ಎತ್ತರದಲ್ಲಿ ಹಗ್ಗದಿಂದ ಬಿಗಿಯಾಗಿ ಕಟ್ಟಿದೆವು. ಟ್ಯಾಂಕಿನಿಂದ ಬರುವ ಪೈಪನ್ನು ಫೀಡ್ ಪಂಪಿನ ಹತ್ತಿರ ಬಿಚ್ಚಿ, ಅಲ್ಲಿಗೆ ಕ್ಯಾನಿನಿಂದ ಹೊಸ ಪೈಪ್ ಹಾಕಿದೆವು. ಏರ್ ತೆಗೆದು, ಒಂದು ರಾತ್ರಿ ಹಾಗೇ ಬಿಟ್ಟೆವು. ಬೆಳಿಗ್ಗೆ ಆರೂವರೆಗೆ, ಗದ್ದೆ ಮೇಲೆ ಇನ್ನೂ ಮಂಜು ಇತ್ತು, ಕೀ ತಿರುಗಿಸಿದೆ. ಸ್ಟಾರ್ಟ್ ಆಗಿದ್ದು ಆಫ್ ಆಗಲೇ ಇಲ್ಲ. ಪಂಪು ನಾಝಲ್ ಎರಡರಲ್ಲೂ ತಪ್ಪಿಲ್ಲ ಅಂತ ಆ ಒಂದು ಕ್ಯಾನ್ ಹೇಳಿತು. ನಾನು ಅಂಗಳದಲ್ಲಿ ನಿಂತು ಸುಮಾರು ಹೊತ್ತು ಆ ಸದ್ದು ಕೇಳಿದೆ.

ಇನ್ನು ಹುಡುಕಬೇಕಾಗಿದ್ದು ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ದಾರಿ ಮಾತ್ರ. ಚಾಸಿಗೆ ಅಂಟಿಕೊಂಡು ಬರುವ ಕಬ್ಬಿಣದ ಪೈಪ್ ಚೆನ್ನಾಗಿತ್ತು. ಅದಕ್ಕೆ ಸೇರುವ ರಬ್ಬರ್ ಪೈಪಿನ ಕ್ಲಿಪ್ ಬಿಚ್ಚಿದಾಗ ಸಿಕ್ಕಿತು. ಕ್ಲಿಪ್ ಕೆಳಗೆ, ಹೊರಗಿನಿಂದ ಕಾಣದ ಜಾಗದಲ್ಲಿ, ಕೂದಲೆಳೆಯಷ್ಟು ಸೀಳು. ಬಗ್ಗಿಸಿದರೆ ಬಾಯಿ ಬಿಡುತ್ತಿತ್ತು. ಮೀಟರ್ ಲೆಕ್ಕದಲ್ಲಿ ಸಿಗೋ ಡೀಸೆಲ್ ಪೈಪ್, ನಾಲ್ಕು ಕ್ಲಿಪ್, ಹೊಸ ತಾಮ್ರದ ವಾಷರ್ ಎಲ್ಲ ಸೇರಿ 340 ರೂಪಾಯಿ. ಪೈಪ್ ತಗೊಳ್ಳುವಾಗ ಡೀಸೆಲ್ಲಿಗೇ ಅಂತ ಹೇಳಿ ಕೇಳಿ. ನೀರಿನ ಪೈಪ್ ಅಗ್ಗ ಅಂತ ಹಾಕಿದರೆ ಕೆಲವು ತಿಂಗಳಲ್ಲೇ ಉಬ್ಬಿ ಮೆತ್ತಗಾಗುತ್ತೆ. ಹೊಸ ವಾಷರ್ ಸಿಗದಿದ್ದರೆ ಹಳೇ ತಾಮ್ರದ ವಾಷರನ್ನು ಗ್ಯಾಸ್ ಒಲೆ ಮೇಲೆ ಕೆಂಪಗೆ ಕಾಯಿಸಿ ಆರಿಸಿ, ಮತ್ತೆ ಮೆತ್ತಗಾಗಿ ಚೆನ್ನಾಗಿ ಕೂರುತ್ತೆ.

ಏರ್ ತೆಗೆಯೋದನ್ನೂ ಹೇಳಿಬಿಡುತ್ತೇನೆ. ಫಿಲ್ಟರ್ ತಲೆ ಮೇಲಿನ ಸಣ್ಣ ಸ್ಕ್ರೂ ಸಡಿಲ ಮಾಡಿ, ಫೀಡ್ ಪಂಪನ್ನು ಕೈಯಲ್ಲಿ ಒತ್ತುತ್ತಾ ಹೋಗಿ. ಮೊದಲು ನೊರೆ ಬರುತ್ತೆ, ಆಮೇಲೆ ಗುಳ್ಳೆ, ಆಮೇಲೆ ಬರೀ ಡೀಸೆಲ್. ಡೀಸೆಲ್ ಹರಿಯುತ್ತಿರುವಾಗಲೇ ಸ್ಕ್ರೂ ಬಿಗಿ ಮಾಡಬೇಕು, ನಿಂತ ಮೇಲೆ ಮಾಡಿದರೆ ಮತ್ತೆ ಗಾಳಿ ಸೇರುತ್ತೆ. ಅಷ್ಟಾದರೂ ಹಿಡಿಯದಿದ್ದರೆ ನಾಝಲ್ ತುದಿಯ ನಟ್‌ಗಳನ್ನು ಒಂದು ಸುತ್ತು ಸಡಿಲ ಮಾಡಿ ಇನ್ನೊಬ್ಬರಿಂದ ಸೆಲ್ಫ್ ಹೊಡೆಸಿ, ಡೀಸೆಲ್ ಜಿನುಗಿದ ಕೂಡಲೇ ಬಿಗಿ ಮಾಡಿ. ಇಲ್ಲಿ ದಯವಿಟ್ಟು ಕನ್ನಡಕ ಹಾಕಿಕೊಳ್ಳಿ, ಬೆರಳು ಹತ್ತಿರ ಇಡಬೇಡಿ. ಕಾರಿನ ಟೈರಿನಲ್ಲಿ ಇರೋದು ಸುಮಾರು 2 ಬಾರ್ ಒತ್ತಡ, ನಾಝಲ್ಲಿನಿಂದ ಡೀಸೆಲ್ ಚಿಮ್ಮೋದು 100 ಬಾರ್‌ಗೂ ಜಾಸ್ತಿ ಒತ್ತಡದಲ್ಲಿ. ಅದು ಚರ್ಮ ತೂರಿ ಒಳಗೆ ಹೋದರೆ ಗಾಯ ಚಿಕ್ಕದಾಗಿ ಕಾಣುತ್ತೆ, ಆದರೆ ತಕ್ಷಣ ಆಸ್ಪತ್ರೆಗೆ ಓಡಬೇಕು.

ಈ ಒಳಗೆ ಎಳೆಯೋ ವಿಷಯ ತಲೆಗೆ ಹತ್ತಿದ ಮೇಲೆ ಇನ್ನೊಂದು ಕಡೆಯೂ ನೋಡಿದೆ. ಗದ್ದೆ ಕೆಲಸದಲ್ಲಿ ನಮ್ಮ ಜೀಪು ಆಗಾಗ ನೀರಿಗೆ ಇಳಿಯುತ್ತೆ. ಓಡಿ ಓಡಿ ಬಿಸಿಯಾದ ಆಕ್ಸಲ್ ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗಿ ಹೊರಗಿನದನ್ನು ಎಳೆಯುತ್ತೆ. ಉಸಿರಾಡಲಿ ಅಂತ ಇಟ್ಟಿರೋ ಬ್ರೀದರ್ ಕೆಸರಿನಿಂದ ಮುಚ್ಚಿದ್ದರೆ ಆಯಿಲ್ ಸೀಲ್ ಸಂದಿಯಿಂದಲೇ ನೀರು ಒಳಗೆ. ತಿರುವಿನಲ್ಲಿ ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗೋಕೆ ಬಿಡೋ ಗೇರುಗಳಿಗೆ ಡಿಫರೆನ್ಷಿಯಲ್ ಅಂತಾರೆ, ಹಿಂದಿನ ಆಕ್ಸಲ್ಲಿನ ಅದರ ನಟ್ ಬಿಚ್ಚಿದಾಗ ಬಂದ ಆಯಿಲ್ ಹಾಲು ಜಾಸ್ತಿ ಹಾಕಿದ ಕಾಫಿ ಬಣ್ಣಕ್ಕಿತ್ತು. ಬ್ರೀದರ್ ತೊಳೆದೆ, ಎಲ್ಲ ಇಳಿಸಿ ಹೊಸ 90 ನಂಬರ್ ಗೇರ್ ಆಯಿಲ್ ಹಾಕಿದೆ. ಇದನ್ನು ಎಷ್ಟೋ ಮೊದಲೇ ನೋಡಬೇಕಿತ್ತು.

ಫೋರ್ ವೀಲ್, ಅಂದರೆ ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಕೊಡೋದರ ಬಗ್ಗೆ ಒಂದೇ ಮಾತು. ತಿಂಗಳಿಗೊಮ್ಮೆ ಮಣ್ಣಿನ ದಾರಿಯಲ್ಲಿ ಹಾಕಿ ಅರ್ಧ ಕಿಲೋಮೀಟರ್ ಓಡಿಸಿ, ಒಳಗಿನ ಗೇರುಗಳಿಗೆ ಆಯಿಲ್ ಹತ್ತುತ್ತೆ. ಟಾರ್ ರಸ್ತೆಯಲ್ಲಿ ಮಾತ್ರ ಬೇಡ. ತಿರುವಿನಲ್ಲಿ ಮುಂದಿನ ಚಕ್ರ ಹಿಂದಿನದಕ್ಕಿಂತ ಜಾಸ್ತಿ ದೂರ ಓಡಬೇಕು, ಈ ಗಾಡಿಯಲ್ಲಿ ಆ ವ್ಯತ್ಯಾಸ ನುಂಗೋಕೆ ಮಧ್ಯೆ ಡಿಫರೆನ್ಷಿಯಲ್ ಇಲ್ಲ. ಮಣ್ಣಿನಲ್ಲಾದರೆ ಚಕ್ರ ಜಾರಿ ಸರಿಹೋಗುತ್ತೆ, ಟಾರಿನಲ್ಲಿ ಆ ಎಳೆದಾಟವೆಲ್ಲ ಗೇರುಗಳ ಮೇಲೆ, ಶಾಫ್ಟ್ ಕೀಲಿನ ಕ್ರಾಸ್‌ಗಳ ಮೇಲೆ ಬೀಳುತ್ತೆ.

ಪೈಪ್ ಬದಲಾಯಿಸಿ ಈಗ ನಾಲ್ಕು ತಿಂಗಳಾಯಿತು. ಮನೆ ಮುಂದೆ ಮಟ್ಟವಾದ ಜಾಗದಲ್ಲೇ ನಿಲ್ಲಿಸುತ್ತೇನೆ. ಬರೋ ಭಾನುವಾರ ಎಡಗಡೆ ಹಿಂದಿನ ಬ್ರೇಕ್ ಡ್ರಮ್ ಬಿಚ್ಚಬೇಕು, ವೀಲ್ ಸಿಲಿಂಡರ್ ಹತ್ತಿರ ಜಿಡ್ಡು ಕಾಣಿಸುತ್ತಿದೆ. ಜಾಕಿ ಒಂದನ್ನೇ ನಂಬಿ ಕೆಳಗೆ ಹೋಗಬೇಡ, ದಿಮ್ಮಿ ಇಡು ಅಂತ ದೊಡ್ಡಪ್ಪ ನಿನ್ನೆಯೇ ಎರಡು ಹುಣಸೆ ದಿಮ್ಮಿ ತಂದು ಜಗಲಿ ಪಕ್ಕ ಹಾಕಿದ್ದಾರೆ.