ಮಲ್ಪೆ ಗಾಳಿಯಲ್ಲಿ ಆರ್‌ಸಿ ವಿಮಾನ: ಏಲೆರಾನ್ ಕೈಕೊಡುವುದು ಯಾವಾಗ?

ರಿಮೋಟಿನಲ್ಲಿ ಹಾರಿಸುವ ಪುಟ್ಟ (ಆರ್‌ಸಿ) ವಿಮಾನವನ್ನು ಎಡಬಲಕ್ಕೆ ವಾಲಿಸಲು ರೆಕ್ಕೆಗಳ ಹಿಂಬದಿಯಲ್ಲಿರುವ ಪಟ್ಟಿಯೇ ಏಲೆರಾನ್; ಒಂದು ಬದಿಯದು ಮೇಲೆ ಹೋದರೆ ಇನ್ನೊಂದು ಬದಿಯದು ಕೆಳಗೆ. ಅದು ಕೆಳಗೆ ಬಾಗಿದಾಗ ಅಡಿಗೆ ಗಾಳಿ ಬಡಿದು ರೆಕ್ಕೆ ಮೇಲೇಳುತ್ತದೆ ಅಂತ ಹೆಚ್ಚಿನವರ ಲೆಕ್ಕ. ಅದು ಅರ್ಧ ಮಾತ್ರ ಸರಿ. ಹಿಂಬದಿಯ ಪಟ್ಟಿ ಬಾಗಿದೊಡನೆ ರೆಕ್ಕೆಯ ಆ ಭಾಗದ ಉಬ್ಬೇ ಬದಲಾಗುತ್ತದೆ; ಪಟ್ಟಿಗಿಂತ ಮುಂದೆ, ರೆಕ್ಕೆಯ ಮೇಲ್ಮೈಯಲ್ಲೂ ಗಾಳಿ ವೇಗ ಪಡೆದು ಒತ್ತಡ ಇಳಿಯುತ್ತದೆ. ಪಟ್ಟಿ ರೆಕ್ಕೆಗೆ ಕೂಡುವ ಹಿಂಜ್ (ಕೀಲು) ಸಂದಿಯಲ್ಲಿ ಗಾಳಿ ಸೋರಿದರೆ ಈ ಲಾಭ ತಪ್ಪುತ್ತದೆ. ಸಂದಿ 1 ಮಿ.ಮೀ.ಗಿಂತ ಜಾಸ್ತಿ ಇದ್ದರೆ ಉದ್ದಕ್ಕೂ ಟೇಪ್ ಹಾಕಿ. ಪಟ್ಟಿಯನ್ನು ಪೂರ್ತಿ ಬಗ್ಗಿಸಿ ಹಿಡಿದೇ ಅಂಟಿಸಬೇಕು, ಇಲ್ಲವಾದರೆ ಬಿಗಿಯಾಗಿ ಸರ್ವೋ (ಪಟ್ಟಿ ಅಲ್ಲಾಡಿಸುವ ಪುಟ್ಟ ಮೋಟರ್) ಒದ್ದಾಡುತ್ತದೆ.

1 ಮೀಟರ್ ಉದ್ದ, 16 ಸೆಂ.ಮೀ. ಅಗಲದ ರೆಕ್ಕೆಗೆ 4 ಸೆಂ.ಮೀ. ಅಗಲದ ಏಲೆರಾನ್ ಸಾಕು. ಅದು ಮೇಲಕ್ಕೆ 12 ಮಿ.ಮೀ., ಕೆಳಕ್ಕೆ 6 ಮಿ.ಮೀ. ಬಾಗುವಂತೆ ಇಡಿ. ಎರಡೂ ಕಡೆ ಸಮ ಇಟ್ಟರೆ ಕೆಳಗಿಳಿದ ಬದಿಯಲ್ಲಿ ಎಳೆತ ಹೆಚ್ಚಿ, ಎಡಕ್ಕೆ ತಿರುಗಿಸಿದಾಗ ಮೂತಿ ಬಲಕ್ಕೆ ಹೋಗುತ್ತದೆ. ತೂಕದ ಕೇಂದ್ರ ಮುಂದಿನ ಅಂಚಿನಿಂದ 4 ಸೆಂ.ಮೀ.ಗೆ ಬರಲಿ.

ಇನ್ನು ಮಧ್ಯಾಹ್ನದ ಕಡಲಗಾಳಿ. ವಿಮಾನ ಗಂಟೆಗೆ 36 ಕಿ.ಮೀ.ಯಲ್ಲಿ ಹಾರುತ್ತಿದೆ, ಗಾಳಿ 18 ಅಂತಿಟ್ಟುಕೊಳ್ಳಿ. ಸಮುದ್ರದ ಕಡೆ ಹೋಗುವಾಗ ನಮ್ಮ ಕಣ್ಣಿಗೆ ಅದರ ವೇಗ 18. ದಡದ ಕಡೆ ತಿರುಗಿದರೆ 54! ಹೆದರಿ ಥ್ರಾಟಲ್ (ಮೋಟರಿನ ವೇಗ) ಇಳಿಸಿ ಎಲಿವೇಟರ್ (ಮೂತಿ ಎತ್ತುವ, ತಗ್ಗಿಸುವ ಬಾಲದ ಪಟ್ಟಿ) ಎಳೆಯುವುದು ಇಲ್ಲೇ. ಆದರೆ ಏಲೆರಾನಿಗೆ ನೆಲದ ಲೆಕ್ಕ ಬೇಡ ಮಾರಾಯ್ರೆ, ತನ್ನ ಮೇಲೆ ಹರಿಯುವ ಗಾಳಿಯ ವೇಗವಷ್ಟೇ ಬೇಕು. ಬಲ ಆ ವೇಗದ ವರ್ಗಕ್ಕೆ ಅನುಗುಣ: 36 ಇದ್ದದ್ದು 24ಕ್ಕೆ ಇಳಿದರೆ ಬಲ ಅರ್ಧಕ್ಕಿಂತಲೂ ಕಡಿಮೆ. ಇನ್ನೂ ಎಳೆದರೆ ರೆಕ್ಕೆ ಸ್ಟಾಲ್, ಅಂದರೆ ಮೇಲ್ಮೈಯಿಂದ ಗಾಳಿ ಕಳಚಿ ಎತ್ತುವ ಬಲ ಬಿದ್ದುಹೋಗುತ್ತದೆ. ಆಗ ಎಡರೆಕ್ಕೆ ಕುಸಿಯಿತೆಂದು ಬಲಕ್ಕೆ ಏಲೆರಾನ್ ಕೊಟ್ಟರೆ ಎಡಗಡೆಯ ಪಟ್ಟಿ ಕೆಳಗೆ ಬಾಗಿ, ಆ ತುದಿ ಮತ್ತಷ್ಟು ಸ್ಟಾಲ್ ಆಗಿ ಗಿರಕಿ ಹೊಡೆದು ಮರಳಿಗೆ ಬೀಳುತ್ತದೆ. ಏಲೆರಾನ್ ನಡುವಿಗೆ ತನ್ನಿ, ಎಲಿವೇಟರ್ ಬಿಟ್ಟು ಮೂತಿ ತಗ್ಗಿಸಿ, ಬಲಕ್ಕೆ ರಡ್ಡರ್ (ಮೂತಿಯನ್ನು ಎಡಬಲಕ್ಕೆ ತಿರುಗಿಸುವ ಬಾಲದ ಪಟ್ಟಿ) ಕೊಡಿ. ವೇಗ ಬಂದ ಮೇಲೆ ನಿಧಾನ ಎತ್ತಿ. ಇದಕ್ಕೆಲ್ಲ ಎತ್ತರ ಬೇಕು, ತೆಂಗಿನಮರದಷ್ಟು ಎತ್ತರದಲ್ಲಿ ಆಗುವ ಕೆಲಸವಲ್ಲ.

ವೇಗ ಮಿತಿಮೀರಿದರೆ ಬೇರೆ ತಾಪತ್ರಯ. ಡೈವ್ ಮಾಡುವಾಗ ಬರ್ರ್ ಅಂತ ಸದ್ದು ಬಂದರೆ ಅದು ಫ್ಲಟರ್, ಅಂದರೆ ಗಾಳಿಗೆ ಪಟ್ಟಿ ಜೋರಾಗಿ ನಡುಗುವುದು. ತಕ್ಷಣ ಥ್ರಾಟಲ್ ಇಳಿಸಿ, ಮೆಲ್ಲಗೆ ಎತ್ತಿ ಇಳಿಸಿಬಿಡಿ. ಹೆಚ್ಚಾಗಿ ಕಾರಣ ಪುಶ್‌ರಾಡ್ (ಸರ್ವೋದಿಂದ ಪಟ್ಟಿಗೆ ಹೋಗುವ ತಂತಿ) ಸಡಿಲ. ಹಾರ್ನಿನ (ಆ ತಂತಿ ಸಿಕ್ಕಿಸಲು ಪಟ್ಟಿಯ ಮೇಲಿರುವ ಪುಟ್ಟ ಕೊಂಬು) ಹೊರಗಿನ ತೂತು, ಸರ್ವೋ ತೋಳಿನ ಒಳಗಿನ ತೂತು ಬಳಸಿದರೆ ಸಡಿಲಾಟ ಕಡಿಮೆಯಾಗುತ್ತದೆ. ಉಪ್ಪುಗಾಳಿಗೆ ಕಬ್ಬಿಣದ ತಂತಿ ಬೇಗ ತುಕ್ಕು ಹಿಡಿಯುತ್ತದೆ, ಮನೆಗೆ ಬಂದ ಮೇಲೆ ಒರೆಸಿ ಒಂದು ಹನಿ ಎಣ್ಣೆ ಸವರಿ.